ಬಿಸಿಲಿಗಿಟ್ಟರೆ ಮದುವೆ ಸಿ.ಡಿ. ಅಳಿಸಿಹೋಗುತ್ತದೆಯೇ?

ಜಮಖಂಡಿ, ಮುಧೋಳದ ಕಡೆ ಹಕ್ಕಿ ಓಡಿಸಲು ಹೊಲದಲ್ಲಿ ದಾರಕ್ಕೆ ಕಟ್ಟಿದ ಹಳೆಯ ಸಿ.ಡಿ.ಗಳನ್ನು ನೀವು ನೋಡಿರಬಹುದು. 'ಬಿಸಿಲಿಗೆ ಬಿದ್ದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ', 'ಅಯಸ್ಕಾಂತ ಉಜ್ಜಿದರೆ ಪೂರ್ತಿ ಅಳಿಸುತ್ತದೆ' ಎಂಬ ಮಾತುಗಳನ್ನೂ ಕೇಳಿರುತ್ತೀರಿ. ಅಯಸ್ಕಾಂತದ ಮಾತು ಸುಳ್ಳು. ಅದು ಹಳೆಯ ಕ್ಯಾಸೆಟ್ಟಿಗೆ ಅಪಾಯಕಾರಿ, ಸಿ.ಡಿ.ಗೆ ಏನೂ ಮಾಡದು. ಬಿಸಿಲಿನ ಮಾತು ಮಾತ್ರ ಅರ್ಧ ನಿಜ, ಮತ್ತು ಆ ಅರ್ಧವೇ ನಮಗೆ ಚಿಂತೆ ಹುಟ್ಟಿಸುವಂಥದ್ದು.

ರಬಕವಿ-ಬನಹಟ್ಟಿಯ ನೇಕಾರರಿಗೆ ಸಿ.ಡಿ.ಯ ಗುಟ್ಟು ಬೇಗ ತಿಳಿದೀತು. ಜಕಾರ್ಡ್ ಮಗ್ಗದ ಕಾರ್ಡಿನಲ್ಲಿ ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಸೀರೆಯ ಹೂವೆಲ್ಲ ಆ ತೂತುಗಳಲ್ಲೇ ಅಡಗಿರುತ್ತದೆ. ಅಂಗಡಿಯಲ್ಲಿ ಮಾರುವ ಸಿನಿಮಾ ಸಿ.ಡಿ.ಯಲ್ಲೂ ಹೀಗೆಯೇ ಅಚ್ಚೊತ್ತಿದ ಗುಳಿಗಳಿವೆ. ಲೇಸರ್ ಬೆಳಕು ಅವುಗಳ ಮೇಲೆ ಬಿದ್ದು ಹಿಂದಿರುಗುವಾಗ ಗುಳಿಯ ಅಂಚು ಬಂದಲ್ಲಿ ಹೊಳಪು ಬದಲಾಗುತ್ತದೆ. ಬದಲಾದರೆ ಒಂದು, ಬದಲಾಗದಿದ್ದರೆ ಸೊನ್ನೆ. ಈ ಗುಳಿಗಳ ಸಾಲು ಸುರುಳಿಯಾಗಿ ಸುತ್ತಿದೆ. ಬಿಚ್ಚಿ ಹಾಸಿದರೆ ಸುಮಾರು 5 ಕಿಲೋಮೀಟರಿಗೂ ಉದ್ದ.

ಆದರೆ ಮದುವೆ ಸಿ.ಡಿ. ಅಂಥದ್ದಲ್ಲ. ಸ್ಟುಡಿಯೋದವರು 'ಬರ್ನ್' ಮಾಡಿಕೊಟ್ಟದ್ದು ಸಾಮಾನ್ಯವಾಗಿ ಸಿ.ಡಿ.-ಆರ್. ಅದರಲ್ಲಿ ಗುಳಿಗಳಿಲ್ಲ, ಒಂದು ಬಣ್ಣದ ಪದರವಿದೆ. ಬರೆಯುವಾಗ ಹೆಚ್ಚು ಶಕ್ತಿಯ ಲೇಸರ್ ಆ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಸುಡುತ್ತದೆ. ಸುಟ್ಟದ್ದನ್ನು ಮತ್ತೆ ಸುಡದಂತೆ ಮಾಡಲಾಗದು. ಆದ್ದರಿಂದ ಕಂಪ್ಯೂಟರಿನಲ್ಲಿ ಎಷ್ಟೇ ಒತ್ತಿದರೂ ಅದು ಅಳಿಸುವುದಿಲ್ಲ.

ಅಳಿಸಿ ಮತ್ತೆ ಬರೆಯಬಹುದಾದದ್ದು ಸಿ.ಡಿ.-ಆರ್‌ಡಬ್ಲ್ಯೂ. ಅದರಲ್ಲಿರುವುದು ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಯೂರಿಯಂ ಬೆರೆತ ಮಿಶ್ರಲೋಹ. ಲೇಸರ್ ಅದರ ಒಂದು ಚುಕ್ಕೆಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಕರಗಿಸುತ್ತದೆ. ಅದು ತಟ್ಟನೆ ತಣಿದಾಗ ಅಣುಗಳಿಗೆ ಸಾಲಾಗಿ ನಿಲ್ಲಲು ಸಮಯ ಸಿಗದೆ ಚುಕ್ಕೆ ಮಂಕಾಗುತ್ತದೆ. ಅಳಿಸಬೇಕಾದಾಗ ಅದನ್ನೇ ಸುಮಾರು 200 ಡಿಗ್ರಿಗೆ ಹದವಾಗಿ ಕಾಯಿಸಿದರೆ ಅಣುಗಳು ಮತ್ತೆ ಸಾಲುಗಟ್ಟಿ ಹೊಳಪು ಮರಳುತ್ತದೆ. ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟಾಗಲೂ ಆಗುವುದು ಇಂಥದ್ದೇ. ತಣಿಸುವ ವೇಗದ ಮೇಲೆ ರೂಪ. ಹೀಗೆ ಸುಮಾರು ಸಾವಿರ ಸಲ ಮಾಡಬಹುದು. ಬಿಸಿಲು ಎಷ್ಟೇ ಕಾದರೂ 200 ಡಿಗ್ರಿ ಮುಟ್ಟುವುದಿಲ್ಲ.

ಹಾಗಾದರೆ ಬಿಸಿಲು ಮಾಡುವುದೇನು? ಅದರಲ್ಲಿರುವ ನೇರಳಾತೀತ ಕಿರಣ ಸಿ.ಡಿ.-ಆರ್‌ನ ಬಣ್ಣವನ್ನು ಮಾಸಿಸುತ್ತದೆ. ಸುಟ್ಟ ಚುಕ್ಕೆಗೂ ಸುಡದ ಜಾಗಕ್ಕೂ ವ್ಯತ್ಯಾಸ ಕಡಿಮೆಯಾಗಿ ಪ್ಲೇಯರ್ ತಡವರಿಸತೊಡಗುತ್ತದೆ. ಇದು ಅಳಿಸುವುದಲ್ಲ, ಹಾಳಾಗುವುದು. ಕಪಾಟಿನ ಕತ್ತಲಲ್ಲೂ ಇದು ನಿಧಾನವಾಗಿ ನಡೆಯುತ್ತಲೇ ಇರುತ್ತದೆ.

ಆಲಮಟ್ಟಿ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಹಳ್ಳಿಗಳು ಮುಳುಗಿವೆ. ಅಲ್ಲಿಂದ ಎದ್ದುಬಂದ ಮನೆಗಳಲ್ಲಿ ಮದುವೆಯ ವಿಡಿಯೋ ಇದ್ದರೆ, ಹಳೆಯ ಊರಿನ ಓಣಿ, ಗುಡಿಯ ಕಟ್ಟೆ, ತೀರಿಹೋದ ಅಜ್ಜಿ ನಡೆದಾಡುವುದು ಕಾಣುವುದು ಅದರಲ್ಲಿ ಮಾತ್ರ. ಪಾರಿಜಾತದ ಆಟ, ಡೊಳ್ಳಿನ ಪದ ತುಂಬಿಟ್ಟವರಿಗೂ ಇದೇ ಮಾತು. ಮುಧೋಳದ ರನ್ನನ ಕಾವ್ಯ ಸಾವಿರ ವರ್ಷ ದಾಟಿದ್ದು ಓಲೆಗರಿ ಗಟ್ಟಿಯಿತ್ತೆಂದಲ್ಲ, ಗರಿ ಹಾಳಾಗುವ ಮೊದಲೇ ಯಾರೋ ಪ್ರತಿ ಮಾಡಿಕೊಂಡರೆಂದು.

ಪ್ರತಿ ಮಾಡುವುದು ಕಷ್ಟವಲ್ಲ. ಯು.ಎಸ್.ಬಿ. ಡ್ರೈವ್ ಸಿಗದಿದ್ದರೆ ಊರಿನ ಫೋಟೋ ಸ್ಟುಡಿಯೋದಲ್ಲಿ ಕೇಳಿ. ವಿ.ಸಿ.ಡಿ.ಯಾದರೆ 'ಎಂಪೆಗ್‌ಎವಿ' ಎಂಬ ಫೋಲ್ಡರಿನೊಳಗಿನ ಫೈಲುಗಳನ್ನು ನಕಲಿಸಿಕೊಂಡರೆ ಸಾಕು, ವಿ.ಎಲ್.ಸಿ. ಪ್ಲೇಯರಿನಲ್ಲಿ ಸಾಮಾನ್ಯವಾಗಿ ಓಡುತ್ತವೆ. ಒಂದು ಡ್ರೈವ್ ಓದದಿದ್ದರೆ ಇನ್ನೊಂದರಲ್ಲಿ ಹಾಕಿ ನೋಡಿ, ಎಷ್ಟೋ ಸಲ ಓದುತ್ತದೆ. 2019ರ ಆಗಸ್ಟಿನ ನೆರೆಯಂತೆ ಕೆಸರು ನೀರು ಹತ್ತಿದ್ದರೆ ಗಾಬರಿ ಬೇಡ. ಶುದ್ಧ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಗುಂಡಗೆ ಒರೆಸಿದರೆ ಬೀಳುವ ಗೀರು ಸುರುಳಿಯ ಉದ್ದಕ್ಕೂ ಹೋಗಿ ಹೆಚ್ಚು ಕೆಡಿಸುತ್ತದೆ. ಟೂತ್‌ಪೇಸ್ಟ್ ಉಜ್ಜಿದರೆ ಕೆಳಬದಿಯ ಸಣ್ಣ ಗೀರು ಮರೆಯಾದೀತು, ಹೊಸ ಗೀರೂ ಬಿದ್ದೀತು. ಕಡೆಯ ಉಪಾಯವಾಗಿ ಮಾತ್ರ ಇರಲಿ. ಸಿ.ಡಿ.ಯಲ್ಲಿ ನಿಜವಾದ ಅಪಾಯ ಹೆಸರು ಬರೆಯುವ ಮೇಲ್ಬದಿಗೆ, ಮಾಹಿತಿಯ ಪದರ ಅದರ ಕೆಳಗೇ ಇದೆ.

ಇನ್ನು ಎಸೆಯುವ ಮಾತು. ಆರ್‌ಡಬ್ಲ್ಯೂ ಡಿಸ್ಕನ್ನು ಬೇಗ ಅಳಿಸುವ ಆಯ್ಕೆಯಲ್ಲಿ ಪರಿವಿಡಿಯಷ್ಟೇ ಹೋಗುತ್ತದೆ, ಒಳಗಿನದು ಉಳಿದಿರುತ್ತದೆ. ಬ್ಯಾಂಕು, ಆಸ್ತಿಯ ಕಾಗದ ತುಂಬಿದ ಡಿಸ್ಕಾದರೆ ಮೇಲ್ಬದಿಯನ್ನು ಚೆನ್ನಾಗಿ ಕೆರೆದು, ಚೂರು ಕಣ್ಣಿಗೆ ಸಿಡಿಯದಂತೆ ಬಟ್ಟೆ ಸುತ್ತಿ ಮುರಿಯಿರಿ. ಹೊಲಕ್ಕೆ ಕಟ್ಟಲು ಹಳೆಯ ಸಿನಿಮಾ ಸಿ.ಡಿ. ಸಾಕು, ಹಕ್ಕಿಗಳೇನೂ ಆಯ್ಕೆ ಮಾಡುವುದಿಲ್ಲ.