ಸಾತನೂರು ರಸ್ತೆಯ ನೆರಳು

ನನ್ನ ಚಿಕ್ಕಂದಿನಲ್ಲಿ ಕಬ್ಬಾಳಮ್ಮನ ಗುಡಿಗೆ ಹೋಗಬೇಕೆಂದರೆ ಕನಕಪುರದಿಂದ ಬಸ್ಸು ಹತ್ತಿ ಸಾತನೂರಿನಲ್ಲಿ ಇಳಿಯುತ್ತಿದ್ದೆವು. ಅಲ್ಲಿಂದ ಕಬ್ಬಾಳಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಮ್ಮ ತಂಬಿಟ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ರಸ್ತೆ ಬದಿಯ ಆಲದ ಮರದ ಬೇರಿನ ಮೇಲೆ ಕುಳಿತುಬಿಡುತ್ತಿದ್ದಳು. ಹಲಗೂರು ಕಡೆಯ ಹೆಂಗಸರೂ ಅಲ್ಲೇ ಕೂರುತ್ತಿದ್ದರು. ಎಲೆ ಅಡಿಕೆ ಕೈ ಬದಲಾಗುತ್ತಿತ್ತು, ಮಾತು ಬೆಳೆಯುತ್ತಿತ್ತು. ನನ್ನ ಚಿಕ್ಕಮ್ಮನ ಮದುವೆಯ ಪ್ರಸ್ತಾಪ ಹುಟ್ಟಿದ್ದೂ ಆ ಮರದ ಬುಡದಲ್ಲೇ. ಬಸ್ಸು ತಡವಾಯಿತೆಂದು ಅಮ್ಮ ಬೈದದ್ದು ನನಗೆ ನೆನಪಿಲ್ಲ.

ಹೋದ ವರ್ಷ ಮಗಳ ಜೊತೆ ಕಾರಿನಲ್ಲಿ ಅದೇ ದಾರಿಯಲ್ಲಿ ಹೋದೆ. ಆ ಜಾಗ ಯಾವುದೆಂದು ತೋರಿಸಲು ನನ್ನಿಂದ ಆಗಲಿಲ್ಲ. ಗುರುತಿಗೆ ಮರವೇ ಇರಲಿಲ್ಲ.

ಕಬ್ಬಾಳದುರ್ಗದ ಚರಿತ್ರೆಯನ್ನು ಎಲ್ಲರೂ ಹೇಳುತ್ತಾರೆ. ದಳವಾಯಿಗಳು 1734ರಲ್ಲಿ ಅರಸರಾದ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಈ ಬೆಟ್ಟದ ಮೇಲೆ ಸೆರೆಯಿಟ್ಟರು, ಅವರು ಅಲ್ಲೇ ತೀರಿಕೊಂಡರು ಎಂದು ನಾನೂ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಆದರೆ ಈ ಸೀಮೆಯ ಜನರನ್ನು ಹೊತ್ತ ರಸ್ತೆಗೂ ಒಂದು ಚರಿತ್ರೆ ಉಂಟು ಎಂಬುದು ನನಗೆ ಹೊಳೆದದ್ದು ಮರಗಳು ಹೋದ ಮೇಲೆಯೇ.

ಬೆಂಗಳೂರಿನಿಂದ ಕನಕಪುರ, ಸಾತನೂರು, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ದಾಟಿ ಕೊಯಮತ್ತೂರಿನ ಕಡೆಗೆ ಇಳಿಯುವ ದಾರಿ ಇದು. 209ನೇ ಹೆದ್ದಾರಿ ಎಂದು ನಮ್ಮ ಬಾಯಿಗೆ ಬಂದುಬಿಟ್ಟಿದೆ. ಈಗ ಅದರ ಸಂಖ್ಯೆ 948. ಮೈಸೂರು ಸೀಮೆಯಲ್ಲಿ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಒಂದೂವರೆ ಸಾವಿರ ಮೈಲಿಯಷ್ಟು ರಸ್ತೆಗಳಾದವು. ಆ ಹಳೆಯ ಕಾಲದಲ್ಲಿ ಬದಿಗೆ ಸಾಲುಮರ ನೆಡುವುದು ರಸ್ತೆ ಕಟ್ಟುವ ಕೆಲಸದ್ದೇ ಒಂದು ಭಾಗ. ಎತ್ತಿನ ಗಾಡಿ ಗಂಟೆಗೆ ಎರಡು ಮೂರು ಮೈಲಿ ನಡೆದರೆ ಹೆಚ್ಚು. ನೆರಳಿಲ್ಲದಿದ್ದರೆ ಎತ್ತೂ ಉಳಿಯದು, ಮನುಷ್ಯನೂ ಉಳಿಯಲಾರ. ಹುಣಸೆ ಮರಗಳಿದ್ದ ಕಡೆ ಫಲವನ್ನು ಹರಾಜು ಹಾಕುತ್ತಿದ್ದರು. ನಮ್ಮ ಸಾರಿಗೆ ಹುಳಿ ಎಷ್ಟೋ ಸಲ ಹೆದ್ದಾರಿಯಿಂದಲೇ ಬಂದದ್ದಿರಬೇಕು!

ರಸ್ತೆ ಅಗಲವಾಗುವಾಗ ಮೊದಲು ಹೋಗುವುದು ಈ ಸಾಲು. ಬದಲಿಗೆ ಹತ್ತು ಗಿಡ ನೆಡುತ್ತೇವೆ ಎನ್ನುತ್ತಾರೆ. ಆದರೆ ನೂರು ವರ್ಷದ ಆಲ ಕೊಡುವ ನೆರಳನ್ನು ರಸ್ತೆಯ ನಡುವಿನ ಕಣಗಿಲೆ ಗಿಡ ಕೊಡುವುದಿಲ್ಲ. ಕಾವೇರಿ ವನ್ಯಧಾಮದ ಆನೆಗಳು ಕಬ್ಬಾಳು, ಚನ್ನಪಟ್ಟಣದ ಕಡೆಯ ತೋಟಗಳಿಗೆ ಈ ದಾರಿ ದಾಟಿಯೇ ಬರುತ್ತವೆ. ಅವುಗಳ ಕಷ್ಟ ಒಂದು ಕಡೆಯಾದರೆ ಮಕ್ಕಳ ಕಷ್ಟ ಇನ್ನೊಂದು ಕಡೆ. ನಾನು ಕೆಲಸ ಮಾಡಿದ ಶಾಲೆಯೊಂದರ ಮುಂದೆ ರಸ್ತೆ ಅಗಲವಾದ ಮೇಲೆ, ಸಂಜೆಯ ಗಂಟೆ ಹೊಡೆದೊಡನೆ ಶಿಕ್ಷಕಿಯರು ಸರದಿಯ ಮೇಲೆ ನಿಂತು ಮಕ್ಕಳನ್ನು ಕೈಹಿಡಿದು ದಾಟಿಸುತ್ತಿದ್ದೆವು. ನಯವಾದ ರಸ್ತೆಯಲ್ಲಿ ಲಾರಿ ಎಷ್ಟು ಬೇಗ ಹತ್ತಿರವಾಗುತ್ತದೆಂದು ಏಳು ವರ್ಷದ ಮಗು ಹೇಗೆ ಅಂದಾಜು ಮಾಡೀತು?

ರಸ್ತೆಯೇ ಬೇಡ ಎನ್ನುವವಳಲ್ಲ ನಾನು. ಅಪ್ಪನಿಗೆ ಎದೆನೋವು ಬಂದ ರಾತ್ರಿ ಬೆಂಗಳೂರು ಎಷ್ಟು ದೂರವೆಂದು ನನಗೆ ಗೊತ್ತಾಗಿತ್ತು. ಆದರೆ ಪಕ್ಕದ ಮೈಸೂರು ಹೆದ್ದಾರಿಯನ್ನು ನೋಡಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೊಸ ರಸ್ತೆಯೇ ಹೊಳೆಯಾಯಿತು. ಎತ್ತರದ ರಸ್ತೆ ನೀರಿಗೆ ಅಡ್ಡಲಾದ ಏರಿಯಂತೆ. ಕೆಳಗೆ ಸಾಕಷ್ಟು ದಾರಿ ಬಿಡದಿದ್ದರೆ ನೀರು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಮರುವರ್ಷ ಮಾರ್ಚಿಯಲ್ಲಿ ರಸ್ತೆಯ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿ, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯ ಬಾಗಿಲು ಮುಚ್ಚಿತು. ಊರಿನವರು ಪಕ್ಕದ ಸರ್ವೀಸ್ ರಸ್ತೆಗೆ ಇಳಿದರು.

ಸೇತುವೆಗಳದ್ದೂ ಇದೇ ಪಾಡು. ನಮ್ಮ ರಸ್ತೆಯಲ್ಲೇ ಮುಂದೆ ಹೋದರೆ ಕಾವೇರಿ ಸಿಗುತ್ತಾಳೆ. ಅಲ್ಲಿ ಶಿವನಸಮುದ್ರದ ಹಳೆಯ ಸೇತುವೆಯನ್ನು 1830ರ ದಶಕದ ಮೊದಲಲ್ಲಿ ಜಹಗೀರುದಾರ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದರು. ಕಮಾನಿಲ್ಲ, ಬರಿಯ ಕಲ್ಲುಕಂಬಗಳ ಸಾಲು. ಈ ಉಪಕಾರಕ್ಕಾಗಿ ಅವರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಸಿಕ್ಕಿತು. ಶಾಲೆಯ ಪ್ರವಾಸದಲ್ಲಿ ಮಕ್ಕಳು ಆ ಕಂಬಗಳನ್ನು ಎಣಿಸಲು ಹೋಗಿ ಪ್ರತಿ ಸಲವೂ ಲೆಕ್ಕ ತಪ್ಪುತ್ತಿದ್ದರು. ಹೊಸ ಸೇತುವೆ ಬಂದ ಮೇಲೆ ಹಳೆಯದು ನೋಡುವ ವಸ್ತುವಾಯಿತು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಸೇತುವೆಯೂ ಇದೇ ಬಗೆಯ ಕಲ್ಲುಕಂಬಗಳದು. ಓಡಾಟ ನಿಂತ ಸೇತುವೆಯ ಬಿರುಕನ್ನು ಯಾರು ನೋಡುತ್ತಾರೆ?

ಇದೇ ಜಿಲ್ಲೆಯ ಮಾಗಡಿ ಸೀಮೆಯಲ್ಲಿ ಒಂದು ಸಾಲು ಮರ ಗೆದ್ದದ್ದನ್ನೂ ಹೇಳಬೇಕು. ಹುಲಿಕಲ್ಲಿನ ತಿಮ್ಮಕ್ಕ, ಚಿಕ್ಕಯ್ಯ ದಂಪತಿಗೆ ಮಕ್ಕಳಿರಲಿಲ್ಲ. ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರು, 385 ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲವಾಗುವಾಗ ಆ ಮರಗಳಿಗೂ ಕೊಡಲಿಯ ಭಯ ಬಂತು. ಅದೇ ವರ್ಷ ಪದ್ಮಶ್ರೀ ಪಡೆದಿದ್ದ ಆ ಅಜ್ಜಿ ಮುಖ್ಯಮಂತ್ರಿಗಳಿಗೆ ಮೊರೆಯಿಟ್ಟರು; ಮರ ಉಳಿಸುವ ಭರವಸೆ ಸಿಕ್ಕಿತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾನು ಅತ್ತೆ.

ಆ ಹಲಗೂರು ನಮ್ಮ ಸಾತನೂರಿನ ಮುಂದಿನ ದೊಡ್ಡ ಊರು. ನಮ್ಮ ಮರಗಳಿಗೆ ಮಾತ್ರ ಅಮ್ಮ ಯಾರೆಂದು ಹೇಳುವವರಿರಲಿಲ್ಲ. ಅವನ್ನೂ ಯಾವುದೋ ಕೂಲಿಯ ಹೆಂಗಸು ನೀರು ಹೊತ್ತೇ ಬೆಳೆಸಿರಬೇಕು. ಅವಳ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ.

ಮಗಳು ಕಾರು ನಿಲ್ಲಿಸಿ ಎಳನೀರು ತರಲು ಹೋದಳು. ತಂಬಿಟ್ಟಿನ ಡಬ್ಬಿ ಹಿಡಿದ ಮುದುಕಿಯೊಬ್ಬಳು ನಿಂತಿದ್ದ ಲಾರಿಯ ನೆರಳಿನಲ್ಲಿ ಕೂತಿದ್ದಳು. ‘ಕಬ್ಬಾಳಿಗೇನಜ್ಜೀ?’ ಎಂದೆ. ‘ಹೂಂ ಕಣವ್ವ, ಬಸ್ಸು ಬರ್ಲಿಲ್ಲ’ ಎಂದಳು. ಅಷ್ಟರಲ್ಲಿ ಲಾರಿ ಹೊರಟಿತು. ಅವಳು ಡಬ್ಬಿ ಎತ್ತಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ನಮ್ಮ ಕಾರಿನ ನೆರಳಿಗೆ ಬಂದು ಕೂತಳು.