ಸೀಸವನ್ನು ಬಿಡಲಾರದ ಬೆಸುಗೆ

ನನ್ನ ಮಾತು ಈಗ ತಮ್ಮ ಕಿವಿಗೆ ಬೀಳುತ್ತಿದ್ದರೆ, ಅದಕ್ಕೆ ರೇಡಿಯೋ ಪೆಟ್ಟಿಗೆಯೊಳಗೆ ಬಿಡಿಭಾಗಗಳನ್ನು ಹಿಡಿದಿಟ್ಟಿರುವ ಬೆಸುಗೆಯ ಚುಕ್ಕೆಗಳೂ ಕಾರಣ. ಪೆಟ್ಟಿಗೆ ಹಳೆಯದಾದರೆ ಆ ಚುಕ್ಕೆಗಳಲ್ಲಿ ತವರವೂ ಸೀಸವೂ ಕೂಡಿರುತ್ತವೆ. ಈ ದಾಂಪತ್ಯ ಬಹು ಪುರಾತನವಾದುದು. ಎರಡು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿ ಕೊಳವೆಗಳನ್ನು ಬೆಸೆಯುತ್ತಿದ್ದುದನ್ನು ಕ್ರಿಸ್ತಶಕ ಮೊದಲ ಶತಮಾನದಲ್ಲಿಯೇ ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ. ಆದರೆ 63 ಪಾಲು ತವರಕ್ಕೆ 37 ಪಾಲು ಸೀಸ ಸೇರಿದರೆ ಎರಡೂ ಹಟ ಬಿಟ್ಟು 183ರಲ್ಲಿಯೇ ನೀರಾಗುತ್ತವೆ. ಇಪ್ಪತ್ತನೆಯ ಶತಮಾನದ ಎಲೆಕ್ಟ್ರಾನಿಕ್ಸ್ ಬಹುಮಟ್ಟಿಗೆ ಈ ಸೌಜನ್ಯದ ಮೇಲೆ ನಿಂತಿತ್ತು.

ಸೀಸವಾದರೋ ವಿಷ, ಮಕ್ಕಳ ಮಿದುಳಿಗೆ ಅದು ವಿಶೇಷವಾಗಿ ಹಾನಿಕರ. ಎಸೆದ ಯಂತ್ರಗಳಿಂದ ಅದು ಮಣ್ಣು ನೀರುಗಳಿಗೆ ಇಳಿದೀತೆಂದು ಯೂರೋಪಿನ ಒಕ್ಕೂಟ 2003ರಲ್ಲಿ ಶಾಸನ ಮಾಡಿ, 2006ರ ಜುಲೈ 1ರಿಂದ ಅದನ್ನು ಜಾರಿಗೆ ತಂದಿತು. ತವರ, ಬೆಳ್ಳಿ, ತಾಮ್ರಗಳ ಬೆಸುಗೆ ಆ ಸ್ಥಾನಕ್ಕೆ ಬಂದಿತು. ಅದು ಕರಗುವುದು 217ರಲ್ಲಿ. ಕಾರ್ಖಾನೆಗಳು ಕುಲುಮೆಯ ಕಾವನ್ನು ಏರಿಸಿಕೊಂಡು, ಒಂದಿಷ್ಟು ಗೊಣಗಿ, ಹೊಂದಿಕೊಂಡವು.

ಇದು ಕಥೆಯ ಸುಲಭದ ಭಾಗ. ಹೆಚ್ಚು ವಿದ್ಯುತ್ತನ್ನು ಹೊರುವ ಬಿಡಿಭಾಗದ ಒಳಗೆ ಸಿಲಿಕಾನ್ ಬಿಲ್ಲೆಯನ್ನು ತಾಮ್ರದ ಪೀಠಕ್ಕೆ ಮೊದಲೇ ಬೆಸೆದಿರುತ್ತಾರೆ. ಆಮೇಲೆ ಆ ಭಾಗವನ್ನು ಹಲಗೆಗೆ ಕೂಡಿಸುವಾಗ ಅದು 250ರ ಆಸುಪಾಸಿನ ಕುಲುಮೆಯನ್ನು ಹಾದುಬರಬೇಕು. ಹೊರಗಿನ ಬೆಸುಗೆ ಕರಗುವಾಗ ಒಳಗಿನದು ಕರಗಕೂಡದು. ಎಣ್ಣೆಬಾವಿಯ ಆಳಕ್ಕೆ ಇಳಿಯುವ ಉಪಕರಣಗಳಂತೂ ಒಮ್ಮೊಮ್ಮೆ 200 ಡಿಗ್ರಿಯಲ್ಲಿ ದುಡಿಯಬೇಕು. ಕರಗುವ ಹಂತ ಸಮೀಪಿಸಿದಾಗ ಲೋಹ ಹೊರೆಯಡಿ ಮೆಲ್ಲಮೆಲ್ಲನೆ ಜರುಗತೊಡಗುತ್ತದೆ. ಇಂಥ ಸಂಕಟಕ್ಕೆ ಹಿಂದಿನವರು ಕಂಡ ಮದ್ದು ಇನ್ನಷ್ಟು ಸೀಸ. 95 ಪಾಲು ಸೀಸ, 5 ಪಾಲು ತವರದ ಬೆಸುಗೆ 300 ದಾಟಿದ ಮೇಲಷ್ಟೇ ಕರಗುತ್ತದೆ. ಕಾವಿಗೆ ತಾಮ್ರ ಹಿಗ್ಗಿದಷ್ಟು ಸಿಲಿಕಾನ್ ಹಿಗ್ಗದು. ನಡುವಿನ ಮೆತ್ತನೆಯ ಸೀಸ ಎರಡಕ್ಕೂ ಬಾಗಿ ಜಗಳ ತೀರಿಸುತ್ತದೆ. ಬದಲಿ ಲೋಹ ಹುಡುಕಿದವರನ್ನು ಕಾಡಿದ್ದು ಈ ಮೆತ್ತನೆಯ ಗುಣವೇ.

ಚಿನ್ನ 80, ತವರ 20ರ ಬೆಸುಗೆ 280ರಲ್ಲಿ ಕರಗುತ್ತದೆ. ಗಟ್ಟಿ, ವಿಶ್ವಾಸಾರ್ಹ, ಆದರೆ ಸಾಮಾನ್ಯ ಯಂತ್ರಕ್ಕೆ ಅಷ್ಟು ಚಿನ್ನ ಹಾಕುವವರು ಯಾರು? ತವರಕ್ಕೆ 5 ಪಾಲು ಆಂಟಿಮನಿ ಸೇರಿಸಿದರೆ 240ಕ್ಕೆಲ್ಲ ಕರಗಿಬಿಡುತ್ತದೆ. ಸತು-ಅಲ್ಯೂಮಿನಿಯಂ ಬೆಸುಗೆ 382ರವರೆಗೆ ತಡೆದರೂ ಬಿಗುವಿನದು, ಗಾಳಿ ಸೋಕಿದೊಡನೆ ಕಿಲುಬು ಹಿಡಿಯುವಂಥದು. ಬೆಳ್ಳಿ ಬೆರೆತ ಬಿಸ್ಮತ್ 262ಕ್ಕೆ ಕರಗುತ್ತದೆ. ಆದರೆ ಬಿರುಸು, ಶಾಖವನ್ನು ಸರಾಗವಾಗಿ ಹರಿಯಗೊಡದು. ಮೇಲಾಗಿ ಬಿಸ್ಮತ್ತಿನ ಬಹುಪಾಲು ದೊರೆಯುವುದು ಸೀಸದಂಥ ಲೋಹಗಳನ್ನು ಶುದ್ಧಿ ಮಾಡುವಾಗಿನ ಉಪ ಉತ್ಪನ್ನವಾಗಿ! ಸೀಸವನ್ನು ಬಿಡಲು ಹೊರಟವರು ಮತ್ತೆ ಸೀಸದ ಮನೆಬಾಗಿಲಿಗೇ ಬಂದು ನಿಂತಂತೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಈ ಪೇಚಿನಲ್ಲಿ ಶಾಸನಕಾರರು ಒಂದು ಕಿಂಡಿ ಇಟ್ಟರು. ವಸ್ತುವಿನಲ್ಲಿ ನೂರಕ್ಕೆ 0.1ಕ್ಕಿಂತ ಹೆಚ್ಚು ಸೀಸ ಇರಕೂಡದೆಂದ ಆ ಕಾನೂನೇ, ಹೆಚ್ಚಿನ ಕಾವಿನಲ್ಲಿ ಕರಗುವ ಬೆಸುಗೆಯಲ್ಲಿ 85 ಪಾಲಿಗೆ ಕಡಿಮೆಯಿಲ್ಲದೆ ಸೀಸವಿದ್ದರೆ ಅದಕ್ಕೆ ವಿನಾಯಿತಿ ಕೊಟ್ಟಿತು. 37 ಪಾಲಿನವನು ಅಪರಾಧಿ, 95 ಪಾಲಿನವನು ನಿರ್ದೋಷಿ! ಈ ವಿನಾಯಿತಿಯನ್ನು ಹಲವು ಬಾರಿ ಮುಂದುವರಿಸಲಾಗಿದೆ.

ಕರಗಿಸುವ ಗೊಡವೆಯನ್ನೇ ಬಿಟ್ಟ ದಾರಿಯೂ ಒಂದಿದೆ. ಬೆಳ್ಳಿಯ ನುಣುಪಾದ ಪುಡಿಯನ್ನು ಸುಮಾರು 250 ಡಿಗ್ರಿಯಲ್ಲಿ ಒತ್ತಿ ಹಿಡಿದರೆ ಕಣಗಳು ಕರಗದೆಯೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಆ ಬಳಿಕ ಆ ಕೂಡಿಕೆಯನ್ನು ಕರಗಿಸಬೇಕಾದರೆ ಬೆಳ್ಳಿಗೇ ಸಲ್ಲುವ 961 ಡಿಗ್ರಿ ಬೇಕು. ವಿದ್ಯುತ್ ಕಾರುಗಳಲ್ಲಿ ಈ ವಿಧಾನ ನೆಲೆಯೂರಿದೆ. ಕೆಲವೇ ರೂಪಾಯಿ ಬೆಲೆಯ ಡಯೋಡುಗಳ ಹೊಟ್ಟೆಯಲ್ಲಿ ಇಂದಿಗೂ ಸೀಸವೇ ಇರುವುದುಂಟು.