ರಾಹು ಕುಂತ ಪಂಕ್ತಿ

ಬೆಳದಿಂಗಳನ್ನು ಹೊಗಳಿ ಬರೆದವರು ಕನ್ನಡದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೆಳದಿಂಗಳಲ್ಲಿ ದುಡಿದವರಿಗೆ ಮಾತ್ರ ಬರೆಯುವ ಅವಕಾಶವೇ ಇರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರೆಹೊಲಗಳಲ್ಲಿ ಹುಣ್ಣಿಮೆ ಅಂದರೆ ಇನ್ನೊಂದು ಪಾಳಿ ಕೆಲಸ. ಹಗಲೆಲ್ಲ ಜೋಳ ಕೊಯ್ದ ಕೈಗಳೇ ರಾತ್ರಿ ಕಣದಲ್ಲಿ ರಾಶಿಗೆ ನಿಲ್ಲಬೇಕು. ಯಾಕೆಂದರೆ ಆಕಾಶದಲ್ಲಿ ಎಣ್ಣೆ ಬೇಡದ ದೀಪ ಉರೀತಿರ್ತದ. ಹುಣ್ಣಿಮೆ ದಾಟಿದ ಮೇಲೆ ಚಂದ್ರ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗಿ ಮೂಡುತ್ತಾನೆ. ಈ ಲೆಕ್ಕ ಪಂಚಾಂಗದವನ ಪುಸ್ತಕಕ್ಕಿಂತ ಮೊದಲೇ ಕಣ ಕಾಯುವವನ ಕಣ್ಣಿಗೆ ಗೊತ್ತಿತ್ತು.

ಬೆಳ್ಳಿಚುಕ್ಕಿಯ ಮಾತೂ ಹಾಗೇ. "ಬೆಳ್ಳಿ ಮೂಡ್ಯಾದ, ಏಳ್ರಿ" ಅಂದರೆ ಅದು ಸುಪ್ರಭಾತ ಅಲ್ಲ, ಹುಕುಂ. ಜೀತದಾಳು ಗೌಡನ ದನದ ಕೊಟ್ಟಿಗೆಗೆ ಹೊರಡಬೇಕು. ಅವನ ಹೆಂಡತಿ ಬೀಸುಕಲ್ಲಿನ ಮುಂದೆ ಕೂರಬೇಕು. ಆದರೆ ಬೆಳ್ಳಿ, ಅಂದರೆ ಶುಕ್ರಗ್ರಹ, ವರ್ಷವಿಡೀ ಮೂಡಲಲ್ಲಿ ಇರುವುದಿಲ್ಲ. ಸುಮಾರು ಎಂಟೂವರೆ ತಿಂಗಳು ಬೆಳಗಿನ ಜಾವ ಕಂಡು, ಸೂರ್ಯನ ಮಗ್ಗುಲಿಗೆ ಸರಿದು ಮರೆಯಾಗಿ, ಮತ್ತೆ ಸಂಜೆ ಪಡುವಣದಲ್ಲಿ ಹೊಳೆಯುತ್ತದೆ. ಒಂದು ಸುತ್ತು ಮುಗಿಯಲು 584 ದಿನ ಬೇಕು. ಬೆಳ್ಳಿ ಪಡುವಣಕ್ಕೆ ಹೋದ ತಿಂಗಳುಗಳಲ್ಲಿ ಆಳುಮಗ ಎದ್ದದ್ದು ಹೇಗೆ? ಕೃತ್ತಿಕೆಯ ಗುಂಪನ್ನೋ, ಸಾಲಾಗಿ ನಿಂತ ಮೂರು ಚುಕ್ಕಿಯನ್ನೋ ನೋಡಿಕೊಂಡು. ಅವೂ ದಿನಕ್ಕೆ 4 ನಿಮಿಷ ಮುಂಚಿತವಾಗಿ ಮೂಡುತ್ತವೆ, ತಿಂಗಳಿಗೆ 2 ತಾಸಿನ ಫರಕು. ಅದನ್ನೂ ತಲೆಯಲ್ಲೇ ಹೊಂದಿಸಿಕೊಳ್ಳಬೇಕು. ಓದು ಬರಹ ಇಲ್ಲದವರೆಂದು ಸರ್ಕಾರಿ ಕಾಗದಗಳು ಕರೆದದ್ದು ಇಂಥವರನ್ನೇ. ಜೀತ ನಿಷೇಧದ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಅಲ್ಲಿಯ ತನಕ ಈ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವನು ಗೌಡನೇ.

ಮಾದನಹಿಪ್ಪರಗಾದಂಥ ಗಡಿ ಊರಲ್ಲಿ ಆಕಾಶಕ್ಕೆ ಒಂದೇ ಲೆಕ್ಕ ಇರಲಿಲ್ಲ. ರೈತನಿಗೆ ಕಾರಹುಣ್ಣಿಮೆ, ಸೀಗಿಹುಣ್ಣಿಮೆ, ಎಳ್ಳಮಾಸಿ. ಮುಸಲ್ಮಾನ ಬಂಧುಗಳಿಗೆ ಮಾಳಿಗೆ ಏರಿ ಕಣ್ಣಾರೆ ಕಂಡ ಎಳೆಚಂದ್ರನೇ ರಮಜಾನಿನ ಸಾಕ್ಷಿ. ನಿಜಾಮನ ಕಂದಾಯಕ್ಕೆ ಫಸಲಿ ವರ್ಷ. ಬಿತ್ತುವವನಿಗೆ ಉತ್ತರಿ, ಹಸ್ತ ಎಂಬ ಮಳೆಗಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13-14 ದಿನಗಳಿಗೆ ಕೊಟ್ಟ ಹೆಸರುಗಳವು. ಇವೆಲ್ಲ ಬದುಕಿನ ಲೆಕ್ಕಗಳು. ನಮ್ಮ ತಕರಾರು ಇವುಗಳ ಮೇಲೆ ಅಲ್ಲ.

ತಕರಾರು ಇರುವುದು ಗ್ರಹಣದ ಮೇಲೆ. ಗ್ರಹಣಕ್ಕೆ ಒಂದು ಭೂಮಿಯ ಇತಿಹಾಸ ಇದೆ.

ನಮ್ಮ ಮಾಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು. ಅಮೋಘವರ್ಷನ ಕಾಲಕ್ಕೆ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಲೆಕ್ಕಕ್ಕೆ ಈ ನೆಲದಲ್ಲಿ ಬಡತನ ಇರಲಿಲ್ಲ. ಆದರೆ ಆ ಕಾಲದ, ಮುಂದೆ ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ತೆಗೆದು ನೋಡಿ. ಸೂರ್ಯಗ್ರಹಣ ನಿಮಿತ್ತ, ಸೋಮಗ್ರಹಣ ನಿಮಿತ್ತ, ಸಂಕ್ರಮಣ ನಿಮಿತ್ತ ಅಂತ ಕಾಲು ತೊಳೆದು ಧಾರೆಯೆರೆದು ಕೊಟ್ಟ ಮತ್ತರುಗಟ್ಟಲೆ ಭೂಮಿ. ಕೆಲವೊಮ್ಮೆ ಊರಿಗೆ ಊರೇ. ಕೊಟ್ಟವನು ರಾಜ ಇಲ್ಲವೇ ದಂಡನಾಯಕ, ಪಡೆದವರು ಅಗ್ರಹಾರದವರು, ದೇವಸ್ಥಾನದವರು. ಆ ಮತ್ತರುಗಳನ್ನು ಉತ್ತವನ ಹೆಸರು ಹುಡುಕಿದರೆ ಬಹುಪಾಲು ಕಲ್ಲುಗಳಲ್ಲಿ ಸಿಗುವುದಿಲ್ಲ. ಆಕಾಶದಲ್ಲಿ ಒಂದು ತಾಸು ನೆರಳು ಬಿದ್ದರೆ ಭೂಮಿಯ ಮೇಲೆ ನೂರಾರು ವರ್ಷ ಹಕ್ಕು ಬದಲಾಗುತ್ತಿತ್ತು.

ಇದರಲ್ಲೊಂದು ತಮಾಷೆ ಉಂಟು. 1896ರಲ್ಲಿ ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ ಸೇರಿ ಭಾರತದ ಪಂಚಾಂಗ ಲೆಕ್ಕಗಳ ದೊಡ್ಡ ಕೋಷ್ಟಕ ಪ್ರಕಟಿಸಿದರು. ಇಂಥ ಕೋಷ್ಟಕಗಳಿಂದ ಶಾಸನದ ತೇದಿಗಳನ್ನು ಒರೆಗೆ ಹಚ್ಚಿದಾಗ, ಕೆಲವು ಕಲ್ಲುಗಳು ಹೇಳುವ ಗ್ರಹಣ ಈ ನಾಡಿನಲ್ಲಿ ಕಾಣುವಂಥದ್ದೇ ಆಗಿರಲಿಲ್ಲ ಎಂದು ಗೊತ್ತಾಯಿತು. ಸೂರ್ಯ ಇಲ್ಲಿ ಮಸುಕಾಗಲಿಲ್ಲ. ಭೂಮಿ ಮಾತ್ರ ಹೋಯಿತು.

ನೆರಳಿನ ಸಂಗತಿ ಪಂಡಿತರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಂದ್ರ ಅಡ್ಡ ಬಂದರೆ ಸೂರ್ಯಗ್ರಹಣ, ಭೂಮಿಯ ನೆರಳು ಬಿದ್ದರೆ ಚಂದ್ರಗ್ರಹಣ ಎಂದು ಆರ್ಯಭಟ ಕ್ರಿ.ಶ. 499ರಲ್ಲೇ ಹೇಳಿದ್ದ. 628ರಲ್ಲಿ ಬ್ರಹ್ಮಗುಪ್ತ ಗ್ರಹಣದ ಲೆಕ್ಕವನ್ನು ನೆರಳಿನಿಂದಲೇ ಮಾಡಿದ, ಮಾತು ಮಾತ್ರ ರಾಹುವಿನ ಪರ ಆಡಿದ. 1030ರ ಸುಮಾರಿಗೆ ಅಲ್ ಬಿರೂನಿ ಈ ಎರಡು ನಾಲಿಗೆಯನ್ನು ಹಿಡಿದು ಕೇಳಿದ್ದಾನೆ: ಇಷ್ಟು ತಿಳಿದವನು ತಿಳಿಯದವರ ಜೊತೆ ಯಾಕೆ ನಿಂತ ಅಂತ. ಪರದೇಶದಿಂದ ಬಂದವನಿಗೆ ಕಂಡದ್ದು ಒಳಗಿನವರಿಗೆ ಕಾಣಲಿಲ್ಲ ಅನ್ನುವುದು ಕಷ್ಟ. ಕಂಡರೆ ನಷ್ಟವಿತ್ತು.

ಈಗ ರಾಹುವಿನ ಕಥೆಗೇ ಬರೋಣ. ಕಡಲು ಕಡೆದವರು ಇಬ್ಬರೂ, ಹಗ್ಗ ಎಳೆದವರು ಇಬ್ಬರೂ. ಅಮೃತ ಬಡಿಸುವಾಗ ಒಂದು ಗುಂಪಿಗೆ ಮಾತ್ರ. ಒಬ್ಬ ಮಾತ್ರ ವೇಷ ಮರೆಸಿ ಅವರ ಪಂಕ್ತಿಯಲ್ಲಿ ಕುಂತ. ಪಕ್ಕದಲ್ಲಿದ್ದ ಸೂರ್ಯ ಚಂದ್ರರು ಚಾಡಿ ಹೇಳಿದರು, ತಲೆ ಹಾರಿತು. ದುಡಿಯಾಕ ಬೇಕು, ಉಣ್ಣಾಕ ಬೇಡ! ಇದು ಪುರಾಣವೇನಲ್ಲ, ನಮ್ಮ ಊರುಗಳ ಲಗ್ನದ ಮನೆಯ ವರದಿ. ಬೇರೆಯವರ ಪಂಕ್ತಿಯಲ್ಲಿ ಕುಂತದ್ದಕ್ಕೆ ಹೊಡೆತ ತಿಂದವರು ಈ ಕಥೆಯನ್ನು ಯಾರ ಕಡೆ ನಿಂತು ಕೇಳಬೇಕು?

ಮರಾಠಿ ಸೀಮೆಯಲ್ಲಿ ಕಥೆಯನ್ನು ಇನ್ನೂ ಮುಂದಕ್ಕೆ ಎಳೆದಿದ್ದರು. ರಾಹು ಕೇತುಗಳು ಮಾಂಗರ ಪೈಕಿ ಅಂತ ನಂಬಿಕೆ. ಅದಕ್ಕೇ ಗ್ರಹಣ ಹಿಡಿದ ಹೊತ್ತಿಗೆ ಮಾಂಗರು, ಮಹಾರರು ಓಣಿ ಓಣಿ ತಿರುಗಿ, ದಾನ ಕೊಡಿ ಗಿರಾಣ ಬಿಡಲಿ ಎಂದು ಕೂಗಬೇಕು. ಮೇಲ್ಜಾತಿಯವರು ಕಾಳು, ಹಳೇ ಅರಿವೆ ಹಾಕುತ್ತಾರೆ. ಬ್ರಿಟಿಷರ ಕಾಲದ ಜಾತಿವಿವರಣೆಯ ಪುಸ್ತಕಗಳಲ್ಲಿ ಈ ಪದ್ಧತಿ ದಾಖಲಾಗಿದೆ. ಒಂದೇ ಗ್ರಹಣಕ್ಕೆ ಎರಡು ದಾನ ನೋಡಿ. ಒಬ್ಬನಿಗೆ ಕಾಲು ತೊಳೆದು ಕೊಟ್ಟ ಮತ್ತರು, ಅದಕ್ಕೆ ಕಲ್ಲಿನ ಸಾಕ್ಷಿ. ಇನ್ನೊಬ್ಬನಿಗೆ ದೂರದಿಂದ ಎಸೆದ ಹರಕು ಅರಿವೆ, ಅದರ ಜೊತೆಗೆ ಚಂದ್ರನನ್ನು ನುಂಗಿದ ಅಪವಾದ. ಬಾಬಾಸಾಹೇಬರ ಕರೆ ಬಂದ ಮೇಲೆ ಎಷ್ಟೋ ಕೇರಿಗಳು ಸತ್ತ ದನದ ಮಾಂಸದ ಜೊತೆ ಈ ಕೂಗನ್ನೂ ಬಿಟ್ಟವು.

ಪಂಕ್ತಿಯ ಮಾತು ಬಂತು. ಮೇಘನಾದ ಸಾಹಾ 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯೊಂದರಲ್ಲಿ, ಕೆಳಜಾತಿಯ ಸಣ್ಣ ಅಂಗಡಿಕಾರನ ಮನೆಯಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ಓದುವಾಗ ಹಾಸ್ಟೆಲಿನ ಮೇಲ್ಜಾತಿ ಹುಡುಗರು ಅವರ ಜೊತೆ ಕೂತು ಉಣ್ಣಲು ಒಪ್ಪಲಿಲ್ಲ. 1920ರಲ್ಲಿ ಅದೇ ಸಾಹಾ ಚುಕ್ಕಿಗಳ ಬೆಳಕನ್ನು ಬಿಡಿಸಿ ಅವುಗಳ ಬಿಸಿ ಎಷ್ಟೆಂದು ತಿಳಿಯುವ ಸಮೀಕರಣ ಕೊಟ್ಟರು. ಇಂದಿಗೂ ಜಗತ್ತಿನ ಖಗೋಳ ವಿದ್ಯಾರ್ಥಿ ಅದನ್ನು ಓದದೆ ಮುಂದೆ ಹೋಗಲಾರ. ಸ್ವತಂತ್ರ ಭಾರತದ ಪಂಚಾಂಗ ಸುಧಾರಣಾ ಸಮಿತಿಗೂ ಅವರೇ ಅಧ್ಯಕ್ಷರು. ಅದರ ಫಲವಾದ ರಾಷ್ಟ್ರೀಯ ಶಕ ಪಂಚಾಂಗ 1957ರ ಮಾರ್ಚ್ 22ರಿಂದ ಜಾರಿಗೆ ಬಂತು. ಊಟದ ಮನೆಯಿಂದ ಹೊರಗಿಟ್ಟವನ ಕೈಗೆ ದೇಶದ ತಿಥಿ ವಾರ ಬಂದವು. ಈ ಸಂಗತಿ ನಮ್ಮ ಶಾಲೆ ಪುಸ್ತಕಗಳಲ್ಲಿ ಯಾಕೆ ದಪ್ಪಕ್ಷರದಲ್ಲಿ ಇಲ್ಲವೋ!

ನಮ್ಮ ಸೀಮೆಯ ಸುತ್ತಮುತ್ತಲೂ ಕೊಳವೆ ಹಚ್ಚಿ ಆಕಾಶ ನೋಡಿದವರಿದ್ದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣಕ್ಕೆ ಜಮಖಂಡಿಯಲ್ಲಿ ಜಾನ್ ಹರ್ಷಲ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ, ಗುಂಟೂರಿನಲ್ಲಿ ಫ್ರೆಂಚ್ ವಿಜ್ಞಾನಿ ಜಾನ್ಸೆನ್, ನಿಜಾಮ ಸೀಮೆಯ ವನಪರ್ತಿಯಲ್ಲಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಕಾದು ಕುಳಿತಿದ್ದರು. ಹೀಲಿಯಂ ಎಂಬ ಹೊಸ ಧಾತುವಿನ ಕಥೆ ಶುರುವಾದದ್ದು ಆ ಗ್ರಹಣದಿಂದ. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯನ ಮುಂದೆ ಹಾಯುವ ಮುನ್ನ ರಘುನಾಥಾಚಾರಿ ಅದನ್ನು ಜನರಿಗೆ ತಿಳಿಸಲು ಪುಸ್ತಿಕೆ ಬರೆದರು, ಅದು ಕನ್ನಡದಲ್ಲೂ ಬಂತು. ಪಂಚಾಂಗವನ್ನು ಕಣ್ಣಿನಿಂದ ತಿದ್ದಬೇಕೆಂದು ಹೊರಟ ಆ ಬ್ರಾಹ್ಮಣನನ್ನು ನಾವು ಗೌರವದಿಂದಲೇ ನೆನೆಯುತ್ತೇವೆ. 1901ರಲ್ಲಿ ಹೈದರಾಬಾದಿನಲ್ಲಿ ನವಾಬ ಜಫರ್ ಜಂಗ್ ಸ್ಥಾಪಿಸಿದ ನಿಜಾಮಿಯಾ ವೀಕ್ಷಣಾಲಯ ಏಳು ಲಕ್ಷಕ್ಕೂ ಹೆಚ್ಚು ಚುಕ್ಕಿಗಳ ಜಾಗ ಅಳೆದು ಸಂಪುಟಗಳನ್ನು ಹೊರತಂದಿತು. ಗುಲಬರ್ಗಾ ಜಿಲ್ಲೆಯೂ 1948ರ ತನಕ ಅದೇ ಸಂಸ್ಥಾನದ್ದು. ಆ ಸಂಸ್ಥಾನ ಆಕಾಶದ ಚುಕ್ಕಿ ಎಣಿಸಿದಷ್ಟು ಶ್ರದ್ಧೆಯಿಂದ ಹೊಲಗೇರಿಯ ಮಕ್ಕಳನ್ನು ಎಣಿಸಿ ಶಾಲೆಗೆ ಕರೆಯಲಿಲ್ಲ.

ಅದರ ಬೆಲೆ ಈಗಲೂ ಕಟ್ಟುತ್ತಿದ್ದೇವೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಮಗ್ಗುಲಿನ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂತರು, ಕೈಕಾಲು ಸರಿಯಾಗುತ್ತದೆ ಅಂತ. ಆ ತಾಯಿ ತಂದೆಯರನ್ನು ಬೈಯುವುದು ಸುಲಭ. ಹತ್ತಿರದಲ್ಲಿ ಫಿಜಿಯೋಥೆರಪಿ ಸಿಗದವನಿಗೆ ಹತ್ತಿರದಲ್ಲಿ ಸಿಗುವುದು ಗ್ರಹಣವೇ.

ಸಾಡೇಸಾತಿಯ ಹೆದರಿಕೆಯೂ ಅಂಥದ್ದೇ. ಶನಿ ಆಕಾಶ ಸುತ್ತಲು ಸುಮಾರು 29 ವರ್ಷ ಆರು ತಿಂಗಳು ತಗೊಳ್ತಾನ. ರಾಶಿ 12, ಒಂದೊಂದಕ್ಕೆ ಸುಮಾರು ಎರಡೂವರೆ ವರ್ಷ. ಮೂರು ರಾಶಿ ಸೇರಿದರೆ ಏಳೂವರೆ. ಅಂದಮೇಲೆ ಯಾವ ಹೊತ್ತಿಗೂ 12ರಲ್ಲಿ 3 ರಾಶಿಯವರಿಗೆ, ಅಂದರೆ ಊರಿನ ಸುಮಾರು ಕಾಲುಭಾಗ ಜನಕ್ಕೆ ಸಾಡೇಸಾತಿ ಇದ್ದೇ ಇರಬೇಕು. ಗೌಡನಿಗೂ ಕೂಲಿಗೂ ಸಮನಾಗಿ. ಕೂಲಿಯವನ ಕಷ್ಟ ಏಳೂವರೆ ವರ್ಷಕ್ಕೆ ಯಾಕೆ ಮುಗಿಯಲಿಲ್ಲ? ಹಳ್ಳಿಯ ಮಾಸ್ತರರು ಈ ಭಾಗಾಕಾರವನ್ನು ಬೋರ್ಡಿನ ಮೇಲೆ ಬರೆದು ಹುಡುಗರನ್ನೇ ಕೇಳಲಿ. ಶಾಲೆಗೊಂದು ಸಣ್ಣ ದೂರದರ್ಶಕ ಸಿಕ್ಕರೆ ಇನ್ನೂ ಒಳ್ಳೇದು. ಶನಿಯ ಬಳೆ ಒಮ್ಮೆ ಕಂಡ ಹುಡುಗಿ ಶನಿವಾರ ಎಣ್ಣೆ ಸುರಿಯಲು ಹೋಗುವಾಗ ಎರಡು ಸಲ ಯೋಚನೆ ಮಾಡ್ತಾಳ.

2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣ ಇದೆ. ಗ್ರಹಣದ ನಡುಹೊತ್ತು ಸುಮಾರು ಹತ್ತೂ ಇಪ್ಪತ್ತಕ್ಕೆ. ಚಳಿಗಾಲ, ಮೋಡದ ಕಾಟ ಕಡಿಮೆ. ಚಂದ್ರಗ್ರಹಣಕ್ಕೆ ಕನ್ನಡಕ ಬೇಡ, ಬರಿಗಣ್ಣು ಸಾಕು. ಚಂದ್ರ ಒಂದು ತಾಸಿಗೂ ಹೆಚ್ಚು ಹೊತ್ತು ತಾಮ್ರದ ಬಣ್ಣಕ್ಕೆ ತಿರುಗಿರುತ್ತಾನೆ. ಅಷ್ಟರೊಳಗೆ ಕೇರಿಯ ಬಯಲಲ್ಲಿ ಚಾಪೆ ಹಾಸಿ, ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಊರವರನ್ನೆಲ್ಲ ಕರೆಯಬೇಕು. ಯಾರು ಯಾರು ಬಂದು ಪಂಕ್ತಿಯಲ್ಲಿ ಕುಂತರು, ಯಾರು ಬರಲಿಲ್ಲ ಅನ್ನುವುದನ್ನು ಬರೆದಿಟ್ಟುಕೊಳ್ಳಿರಿ.